ಮೊದಲ ದಿನದ ಗ್ರೂಪ್ ವರ್ಕೌಟ್: ಆ 12 ನಿಮಿಷದಲ್ಲಿ ಮೈಯೊಳಗೆ ನಡೆಯುವುದೇನು?

"ನಿನ್ನೆ ರಾತ್ರಿ ಊಟಕ್ಕೆ ಏನಿತ್ರೀ ಸರ್?"

ಕೋಚ್ ಇದನ್ನು ಕೇಳಿದಾಗ ನಾನು ರೋಯಿಂಗ್ ಮಷೀನ್ ಮೇಲೆ ಕೂತು ದೋಣಿಗೆ ಹುಟ್ಟು ಹಾಕುವ ಹಾಗೆ ಹಿಡಿ ಎಳೆಯುತ್ತಿದ್ದೆ. "ರೊಟ್ಟಿ" ಎಂದೆ. ಒಂದು ಉಸಿರು. "ಪುಂಡಿ" ಎಂದೆ. ಇನ್ನೊಂದು ಉಸಿರು. ಪಲ್ಯ ಅನ್ನುವ ಮಾತು ಬರಲೇ ಇಲ್ಲ. "ಸಾಕು, ಸ್ವಲ್ಪ ನಿಧಾನ ಮಾಡ್ರಿ" ಎಂದು ಅವರು ಪಕ್ಕದವರ ಕಡೆ ಹೋದರು.

ಅವರಿಗೆ ನನ್ನ ಊಟದ ಚಿಂತೆ ಇರಲಿಲ್ಲ. ಅದೊಂದು ಅಳತೆ. ಒಂದು ವಾಕ್ಯವನ್ನು ಪೂರ್ತಿ ಹೇಳಲು ಆಗುತ್ತಿದ್ದರೆ ಶ್ರಮ ಮಧ್ಯಮ. ಎರಡು ಮೂರು ಪದಕ್ಕೆ ಉಸಿರು ತೆಗೆದುಕೊಳ್ಳಬೇಕಾದರೆ ಜೋರು. ಒಂದು ಪದಕ್ಕೇ ಏದುಸಿರು ಬಂದರೆ, ಮೊದಲ ದಿನಕ್ಕೆ ಅದು ಜಾಸ್ತಿಯಾಯಿತು. ಕೈಗೆ ಕಟ್ಟುವ ವಾಚು, ಎದೆಗೆ ಕಟ್ಟುವ ಪಟ್ಟಿ ಇವೆಲ್ಲ ಬರುವ ಮೊದಲಿಂದಲೂ ಇರುವ ಪರೀಕ್ಷೆ ಇದು. ಇದಕ್ಕೆ ದುಡ್ಡೂ ಬೇಡ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ವಯಸ್ಸು 44. ದಿನಕ್ಕೆ ಒಂಬತ್ತು ತಾಸು ಕುರ್ಚಿ. ಗೆಳೆಯ ಒಬ್ಬ ಹಟ ಹಿಡಿದು ಕರೆದ ಎಂದು ಹೋಗಿದ್ದೆ. ಮುಂಚೆ ಗೋದಾಮಾಗಿದ್ದ ತಗಡಿನ ಶೆಡ್ಡು, ನೆಲಕ್ಕೆ ಕರಿ ರಬ್ಬರ್ ಹಾಸು, ಗೋಡೆ ಮೇಲೆ ಕೆಂಪು ಅಂಕಿಯ ದೊಡ್ಡ ಗಡಿಯಾರ. ಕನ್ನಡಿ ಇಲ್ಲ, ಟಿ.ವಿ. ಇಲ್ಲ. ಟ್ರೆಡ್‌ಮಿಲ್ ಒಂದೂ ಇಲ್ಲ. ಬೆಳಿಗ್ಗೆ 6ಕ್ಕೆ ಹನ್ನೊಂದು ಜನ, ಒಬ್ಬ ಕೋಚ್.

ಸಾಮಾನ್ಯ ಜಿಮ್‌ನಲ್ಲಿ ನೀವು ಹೋದಾಗ ಹೋಗಿ, ಬೇಕಾದ ಮಷೀನ್ ಹಿಡಿದು, ನಡುವೆ ಮೊಬೈಲ್ ನೋಡಿ ಬರಬಹುದು. ಇಲ್ಲಿ ಹಾಗಲ್ಲ. ಎಲ್ಲರಿಗೂ ಒಂದೇ ಹೊತ್ತು, ಒಂದೇ ಪಾಠ. ಅಮೆರಿಕದಲ್ಲಿ 2000ದಲ್ಲಿ ಶುರುವಾದ ಕ್ರಾಸ್‌ಫಿಟ್ ಈ ಪದ್ಧತಿಯನ್ನು ಜಗತ್ತಿಗೆಲ್ಲ ಹಬ್ಬಿಸಿತು. ಆ ಹೆಸರು ಹಾಕಿಕೊಳ್ಳಲು ಕಂಪನಿಗೆ ಹಣ ಕಟ್ಟಬೇಕು, ಅದಕ್ಕೇ ಬೇರೆ ಬೇರೆ ಹೆಸರಿನಲ್ಲಿ ಇದೇ ಥರದ ಕ್ಲಾಸ್‌ಗಳು ನಡೆಯುತ್ತವೆ. ಒಂದು ರೀತಿಯಲ್ಲಿ ನಮಗೆ ಇದು ಹೊಸದೂ ಅಲ್ಲ. ಗರಡಿಮನೆಯಲ್ಲಿ ಇದೇ ಇತ್ತಲ್ವಾ? ಉಸ್ತಾದ್ ನಿಂತು ನೋಡುತ್ತಿದ್ದರು, ಹುಡುಗರು ಸಾಲಾಗಿ ದಂಡ ಹೊಡೆಯುತ್ತಿದ್ದರು, ಬಸ್ಕಿ ತೆಗೆಯುತ್ತಿದ್ದರು, ಗುಂಡುಕಲ್ಲು ಎತ್ತುತ್ತಿದ್ದರು. ಈಗ ಕೆಮ್ಮಣ್ಣಿನ ಬದಲು ರಬ್ಬರ್ ಬಂದಿದೆ, ಗುಂಡಿನ ಬದಲು ಕೆಟಲ್‌ಬೆಲ್ ಎಂಬ ಹಿಡಿ ಇರುವ ಕಬ್ಬಿಣದ ಗುಂಡು. ಆ ಕೆಟಲ್‌ಬೆಲ್ ಕೂಡ ರಷ್ಯಾದ ಸಂತೆಗಳಲ್ಲಿ ಕಾಳು ತೂಗುವ ಕಲ್ಲಾಗಿದ್ದದ್ದೇ. ಗಾತ್ರಗಳು ಅಲ್ಲಿನ ಹಳೆಯ ತೂಕ 'ಪೂಡ್' ಲೆಕ್ಕದಲ್ಲಿವೆ. ಒಂದು ಪೂಡ್ ಎಂದರೆ 16 ಕಿಲೋಗಿಂತ ಚೂರು ಜಾಸ್ತಿ. ನಮ್ಮ ಎ.ಪಿ.ಎಂ.ಸಿ. ಹಮಾಲರು ತೂಕದ ಕಲ್ಲು ಎತ್ತಿ ಆಡಿದ ಹಾಗೆ ಅಲ್ಲಿನವರೂ ಆಡಿದ್ದಾರೆ, ಅದೇ ಕಸರತ್ತಾಗಿದೆ.

ಬೋರ್ಡಿನ ಭಾಷೆ

ಹೊಸಬರನ್ನು ಹೆದರಿಸುವುದು ಭಾರಕ್ಕಿಂತ ಮೊದಲು ಆ ಬಿಳಿ ಬೋರ್ಡು. ಅವತ್ತು ಅದರ ಮೇಲೆ 'ಆಮ್‌ರ್ಯಾಪ್ 12' ಎಂದಿತ್ತು. ಕೆಳಗೆ 8 ಸ್ಕ್ವಾಟ್, 6 ಪುಶ್‌ಅಪ್, 150 ಮೀಟರ್ ರೋಯಿಂಗ್. ಪಕ್ಕದಲ್ಲಿ 16/12.

ಆಮ್‌ರ್ಯಾಪ್ ಎಂದರೆ ಹೊತ್ತು ಗೊತ್ತು, ಸುತ್ತು ಗೊತ್ತಿಲ್ಲ. 12 ನಿಮಿಷದಲ್ಲಿ ಆದಷ್ಟು ಸುತ್ತು ಹಾಕಿ. 'ಫಾರ್ ಟೈಮ್' ಎಂದಿದ್ದರೆ ಉಲ್ಟಾ: ಕೆಲಸ ಇಷ್ಟು, ಎಷ್ಟು ಹೊತ್ತಿಗೆ ಮುಗಿಸುತ್ತೀರಿ ನೋಡೋಣ. 'ಇಮಾಮ್' ಎಂದು ಕೂಗಿದರೆ ಗಾಬರಿ ಬೇಡ, ಪ್ರತಿ ನಿಮಿಷ ಶುರುವಾದಾಗ ಹೇಳಿದಷ್ಟು ಕೆಲಸ ಮಾಡಿ, ಉಳಿದ ಸೆಕೆಂಡುಗಳಲ್ಲಿ ಸುಧಾರಿಸಿಕೊಳ್ಳಬೇಕು. ಬೇಗ ಮುಗಿಸಿದರೆ ವಿಶ್ರಾಂತಿ ಜಾಸ್ತಿ. 16/12 ಎಂದರೆ ಸ್ಕ್ವಾಟ್‌ಗೆ, ಅಂದರೆ ಬಸ್ಕಿಗೆ, ಹಿಡಿಯುವ ಕೆಟಲ್‌ಬೆಲ್ ಗಂಡಸರಿಗೆ 16 ಕಿಲೋ, ಹೆಂಗಸರಿಗೆ 12. ಬೋರ್ಡಿನಲ್ಲಿ ಬರೆದಷ್ಟೇ ಭಾರ ಎತ್ತಿ ಮುಗಿಸಿದವರ ಹೆಸರಿನ ಮುಂದೆ 'ಆರ್‌ಎಕ್ಸ್' ಎಂದು ಬರೆಯುತ್ತಾರೆ. ಡಾಕ್ಟರ ಚೀಟಿ ಮೇಲೆ ಇರುತ್ತದಲ್ಲ, ಅದೇ.

ಇನ್ನೊಂದು ಹೆಸರು ಎಲ್ಲ ಕಡೆ ಕೇಳುತ್ತೀರಿ: ತಬಾತಾ. 20 ಸೆಕೆಂಡ್ ಜೋರು, 10 ಸೆಕೆಂಡ್ ಬಿಡುವು, ಎಂಟು ಸಲ. ಒಟ್ಟು 4 ನಿಮಿಷ. ಜಪಾನಿನ ಇಜುಮಿ ತಬಾತಾ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬಂದ ಹೆಸರು. ಒಂದು ಗುಂಪು ವಾರಕ್ಕೆ ಐದು ದಿನ ಒಂದೊಂದು ತಾಸು ಸಮನಾಗಿ ಸೈಕಲ್ ತುಳಿಯಿತು. ಇನ್ನೊಂದು ಗುಂಪು ಹೆಚ್ಚಿನ ದಿನ ಈ ತುಂಡು ತುಂಡು ಜೋರಿನ ತುಳಿತ ಮಾಡಿತು. ಆರು ವಾರದ ನಂತರ ಇಬ್ಬರಿಗೂ ಆಮ್ಲಜನಕ ಬಳಸುವ ಶಕ್ತಿ ಹೆಚ್ಚಿತ್ತು. ಆಮ್ಲಜನಕ ಸಾಲದಾದಾಗ ತಡೆದುಕೊಳ್ಳುವ ಶಕ್ತಿ ಮಾತ್ರ ಎರಡನೇ ಗುಂಪಿಗಷ್ಟೇ ಹೆಚ್ಚಿತ್ತು, ಅದೂ 28%.

ಕೇಳಲು ಚೆನ್ನಾಗಿದೆ. ಆದರೆ ಅವರೆಲ್ಲ ಕಸರತ್ತು ರೂಢಿಯಿದ್ದ ಯುವಕರು. ಆ 20 ಸೆಕೆಂಡ್ ಅವರು ತುಳಿದದ್ದು ಜೀವ ಹೋಗುವಷ್ಟು ಜೋರಾಗಿ. ಮೊದಲ ದಿನ ಬಂದ ನನ್ನಂಥವನು 20-10 ಗಡಿಯಾರ ಇಟ್ಟುಕೊಂಡು ಬಸ್ಕಿ ತೆಗೆದರೆ ಅದು ಒಳ್ಳೆಯ ಕಸರತ್ತೇ, ಆದರೆ ಆ ಪ್ರಯೋಗ ಅಲ್ಲ. ಜಾಹೀರಾತಿನಲ್ಲಿ '4 ನಿಮಿಷ ಸಾಕು' ಎಂದು ಬರೆದಿದ್ದರೆ ಸುಮ್ನೆ ಮುಂದೆ ಹೋಗಿ.

ಚೊಂಬು, ಬಕೆಟ್, ನಲ್ಲಿ

ಮೂರು ಸುತ್ತಿಗೇ ಯಾಕೆ ಉಸಿರು ಕಟ್ಟುತ್ತದೆ? ಇದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ನೀರಿಗೆ ಕಾಯುವುದು ನಮ್ಮ ಕಡೆಯವರಿಗೆ ಗೊತ್ತಿರುವ ಕೆಲಸ, ಹಾಗಾಗಿ ನೀರಿನ ಲೆಕ್ಕದಲ್ಲೇ ಹೇಳುತ್ತೇನೆ.

ಮಾಂಸಖಂಡ ಕುಗ್ಗಲು ಎ.ಟಿ.ಪಿ. ಎಂಬ ಇಂಧನ ಬೇಕು. ಅದರ ದಾಸ್ತಾನು ಮೈಯಲ್ಲಿ ತೀರಾ ಕಮ್ಮಿ, ಖರ್ಚಾದ ಹಾಗೆ ಮಾಡಿಕೊಳ್ಳುತ್ತಲೇ ಇರಬೇಕು. ಮಾಡಿಕೊಳ್ಳಲು ಮೂರು ದಾರಿ ಇವೆ. ಮೊದಲನೆಯದು ಕೈಯಲ್ಲಿರುವ ಚೊಂಬು. ಮಾಂಸಖಂಡದಲ್ಲೇ ಇರುವ ಕ್ರಿಯೇಟಿನ್ ಫಾಸ್ಫೇಟ್. ತಕ್ಷಣ ಸುರಿಯಬಹುದು, ಆದರೆ ಪೂರ್ತಿ ಬಲ ಹಾಕಿದರೆ ಹತ್ತು ಸೆಕೆಂಡ್ ಆಸುಪಾಸಿಗೆ ಬರಿದಾಗುತ್ತದೆ. ಬಸ್ ಹಿಡಿಯಲು ಓಡಿದಾಗ ಸಿಗುವ ಆ ಮೊದಲ ಚುರುಕು ಇದೇ.

ಎರಡನೆಯದು ಪಕ್ಕದಲ್ಲಿಟ್ಟ ಬಕೆಟ್. ಸಕ್ಕರೆ ಅಂಶವನ್ನು ಆಮ್ಲಜನಕದ ನೆರವಿಲ್ಲದೆ ಬೇಗ ಬೇಗ ಒಡೆದು ಇಂಧನ ಮಾಡುವ ದಾರಿ. ಪೂರ್ತಿ ಜೋರಿನಲ್ಲಿ ಒಂದೆರಡು ನಿಮಿಷಕ್ಕೆ ಇದರ ಬಲ ಇಳಿಯುತ್ತದೆ, ಮಾಂಸಖಂಡದಲ್ಲಿ ಹುಳಿಯ ಅಂಶ ಏರುತ್ತದೆ, ತೊಡೆ ಉರಿಯುತ್ತದೆ.

ಮೂರನೆಯದು ನಲ್ಲಿ. ಆಮ್ಲಜನಕ ಬಳಸಿ ಸಕ್ಕರೆ, ಕೊಬ್ಬು ಎರಡನ್ನೂ ಸುಡುವ ದಾರಿ. ಧಾರೆ ಸಣ್ಣದು, ಆದರೆ ನಿಲ್ಲುವುದಿಲ್ಲ. ನಡೆಯುವಾಗ, ಮೆಟ್ಟಿಲು ನಿಧಾನಕ್ಕೆ ಹತ್ತುವಾಗ, ನಿದ್ದೆಯಲ್ಲೂ ನಡೆಸುವುದು ಇದೇ.

ಮೂರೂ ಒಟ್ಟಿಗೇ ಕೆಲಸ ಮಾಡುತ್ತವೆ, ಪಾಲು ಮಾತ್ರ ಬೇರೆ ಬೇರೆ. ನಲ್ಲಿ ಕೊಡುವಷ್ಟೇ ಖರ್ಚು ಮಾಡಿದರೆ ತಾಸುಗಟ್ಟಲೆ ಮಾಡಬಹುದು. ಅದಕ್ಕಿಂತ ಜಾಸ್ತಿ ಖರ್ಚು ಮಾಡಿದರೆ ಬಕೆಟ್ಟಿಗೆ ಕೈ ಹೋಗುತ್ತದೆ. ಬಕೆಟ್ ತಳ ಕಂಡಾಗ ನೀವು ಮಂಡಿ ಮೇಲೆ ಕೈ ಇಟ್ಟು ಬಗ್ಗಿ ನಿಲ್ಲುತ್ತೀರಿ. ನಿಂತಾಗ ನಲ್ಲಿ ಬಕೆಟ್ ತುಂಬಿಸುತ್ತದೆ. ಕೆಲಸ ನಿಲ್ಲಿಸಿದ ಮೇಲೂ ಎರಡು ಮೂರು ನಿಮಿಷ ಏದುಸಿರು ಬಿಡುವುದು ಇದಕ್ಕೇ. ಆ ಉಸಿರಿನ ಒತ್ತಾಯ ಬರುವುದು ಮುಖ್ಯವಾಗಿ ಆಮ್ಲಜನಕ ಖಾಲಿಯಾಯಿತು ಎಂದಲ್ಲ. ರಕ್ತದಲ್ಲಿ ಏರಿದ ಇಂಗಾಲದ ಡೈಆಕ್ಸೈಡನ್ನು ಹೊರಹಾಕು ಎಂದು ಮೆದುಳು ಕೊಡುವ ಆಜ್ಞೆ ಅದು. ಹಾಗಾಗಿ ಆ ಹೊತ್ತಿನಲ್ಲಿ ಉಸಿರನ್ನು ಎಳೆದುಕೊಳ್ಳಲು ಒದ್ದಾಡುವ ಬದಲು ಬಾಯಿಂದ ಉದ್ದಕ್ಕೆ ಬಿಡಿ. ಒಳಗೆ ಬರುವುದು ತಾನಾಗೇ ಬರುತ್ತದೆ.

ಹೈ-ಇಂಟೆನ್ಸಿಟಿ ಎನ್ನುವ ಈ ಜೋರಿನ ತರಬೇತಿಯ ಗುಟ್ಟೂ ಇಷ್ಟೇ. ಬಕೆಟ್ ಖಾಲಿ ಮಾಡು, ತುಂಬಿಸು, ಮತ್ತೆ ಖಾಲಿ ಮಾಡು. ವಾರಗಟ್ಟಲೆ ಹೀಗೆ ಮಾಡಿದರೆ ನಲ್ಲಿಯ ಪೈಪೇ ದಪ್ಪಗಾಗುತ್ತದೆ: ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳುತ್ತದೆ, ಮಾಂಸಖಂಡದಲ್ಲಿ ಇಂಧನ ಸುಡುವ ಒಲೆಗಳು ಹೆಚ್ಚುತ್ತವೆ.

ನನ್ನ ತಪ್ಪು, ಅಕ್ಕನ ಲೆಕ್ಕ

ಗಡಿಯಾರ ಪೀಂ ಎಂದಿತು. ನನ್ನ ಮೊದಲ ಸುತ್ತು 1 ನಿಮಿಷ 10 ಸೆಕೆಂಡಿಗೆ ಮುಗಿಯಿತು. ಪರವಾಗಿಲ್ಲ ನಾನು ಅನ್ನಿಸಿತು. ಎರಡನೆಯದು ಒಂದೂವರೆ ನಿಮಿಷ. ಮೂರನೆಯದು ಎರಡೂವರೆ. ಪುಂಡಿ ಪಲ್ಯದ ಪ್ರಶ್ನೆ ಬಂದದ್ದು ಆಗಲೇ. ಐದನೆಯದು ಮುಗಿಯುವಾಗ ಗಡಿಯಾರದಲ್ಲಿ 11 ನಿಮಿಷ ಆಗಿತ್ತು. ಅಲ್ಲಿಂದ ಎಂಟು ಸ್ಕ್ವಾಟ್, ಅಷ್ಟಕ್ಕೇ ನಾನು ಮುಗಿದಿದ್ದೆ.

ನನ್ನ ಪಕ್ಕದಲ್ಲಿ ಐವತ್ತು ದಾಟಿದ ಒಬ್ಬ ಅಕ್ಕ ಇದ್ದರು. ಹಿಂದೆ ಮರದ ಪೆಟ್ಟಿಗೆ ಇಟ್ಟುಕೊಂಡು ಅದರ ಮೇಲೆ ಕೂತು ಏಳುತ್ತಿದ್ದರು, 6 ಕಿಲೋ ಕೆಟಲ್‌ಬೆಲ್ ಹಿಡಿದು. ಪ್ರತಿ ಸುತ್ತೂ ಒಂದೂವರೆ ನಿಮಿಷದ ಮೇಲೆ ಚೂರು. ಮೊದಲನೆಯದೂ ಅಷ್ಟೇ, ಕೊನೆಯದೂ ಅಷ್ಟೇ. ಏಳು ಸುತ್ತು ಹಾಕಿದರು. "ಮೊದಲ ದಿನ ಎಲ್ರೂ ಹಂಗೇ ಓಡ್ತಾರಪ್ಪ" ಎಂದರು, ನೀರು ಕುಡಿಯುತ್ತ.

ಅಂಜನಾದ್ರಿ ಬೆಟ್ಟ ಹತ್ತಿದವರಿಗೆ ಇದು ಗೊತ್ತು. 575 ಮೆಟ್ಟಿಲಲ್ಲಿ ಮೊದಲ ನೂರನ್ನು ಓಡಿ ಹತ್ತಿದ ಹುಡುಗರು ಮುಂದೆ ಕಟ್ಟೆ ಮೇಲೆ ಕೂತಿರುತ್ತಾರೆ, ಅಜ್ಜಿಯಂದಿರು ಅವರನ್ನು ದಾಟಿ ಹೋಗುತ್ತಾರೆ. ಬಕೆಟ್ಟನ್ನು ಮೊದಲ ನಿಮಿಷದಲ್ಲೇ ಬಗ್ಗಿಸಿದರೆ ಉಳಿದ ಹನ್ನೊಂದು ನಿಮಿಷ ನಲ್ಲಿಯ ಸಣ್ಣ ಧಾರೆಯೇ ಗತಿ.

ನಾನು ಓಡಿದ್ದಕ್ಕೆ ಗುಂಪೂ ಕಾರಣ. 1920ರ ದಶಕದಲ್ಲಿ ಒಟ್ಟೊ ಕೋಲರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಬರ್ಲಿನ್ನಿನ ರೋಯಿಂಗ್ ಕ್ಲಬ್ಬಿನವರನ್ನು ಭಾರ ಎತ್ತಿಸಿ ನೋಡಿದ. ಒಬ್ಬೊಬ್ಬರೇ ಎತ್ತುವಾಗ ಬೇಗ ಬಿಟ್ಟವರು, ಬಲಶಾಲಿಯ ಜೊತೆ ಎತ್ತುವಾಗ ಹೆಚ್ಚು ಹೊತ್ತು ತಡೆದುಕೊಂಡರು. ಮನೆಯಲ್ಲಿ ಒಬ್ಬನೇ ಹತ್ತು ಬಸ್ಕಿಗೆ ನಿಲ್ಲಿಸುವವನು ಇಲ್ಲಿ ನಲವತ್ತು ತೆಗೆಯುವುದು ಇದೇ ಬಲದಿಂದ. ಅದು ಗ್ರೂಪ್ ಕ್ಲಾಸಿನ ಲಾಭ. ಅದೇ ಅಪಾಯ ಕೂಡ.

ಅದಕ್ಕೇ ಕೋಚ್ ಬೇಕು. ಹುರಿದುಂಬಿಸಲು ಎಂದುಕೊಂಡು ಹೋಗಿದ್ದೆ. ನಿಜವಾದ ಕೆಲಸ ತಗ್ಗಿಸುವುದು. ಅವರ ಭಾಷೆಯಲ್ಲಿ 'ಸ್ಕೇಲ್ ಮಾಡೋದು'. ಬೋರ್ಡಿನಲ್ಲಿದ್ದ 16 ಕಿಲೋ ನನಗೆ 8 ಆಯಿತು. ನೆಲದ ಮೇಲಿನ ಪುಶ್‌ಅಪ್ ಪೆಟ್ಟಿಗೆ ಮೇಲೆ ಕೈ ಊರಿ ಮಾಡುವ ಪುಶ್‌ಅಪ್ ಆಯಿತು. ಕೈ ಮೇಲಿದ್ದಷ್ಟೂ ನೀವು ತಳ್ಳಬೇಕಾದ ಮೈಭಾರ ಕಮ್ಮಿ. ಗಡಿಯಾರ ಎಲ್ಲರಿಗೂ ಒಂದೇ, ಭಾರ ಅವರವರದು. ತೀವ್ರತೆ ಎಂದರೆ ಎಷ್ಟು ಕಿಲೋ ಎತ್ತಿದಿರಿ ಎಂದಲ್ಲ, ನಿಮ್ಮ ಉಸಿರು ಎಲ್ಲಿಗೆ ಬಂತು ಎಂದು. 6 ಕಿಲೋ ಹಿಡಿದ ಅಕ್ಕನಿಗೂ 16 ಕಿಲೋ ಹಿಡಿದ ಹುಡುಗನಿಗೂ ಅವತ್ತು ಒಂದೇ ತೀವ್ರತೆ ಆಗಿರಬಹುದು.

ಸ್ಕ್ವಾಟ್ ಬಗ್ಗೆ ಒಂದು ಮಾತು. ಬಸ್ಕಿ ನಮಗೆ ಗೊತ್ತು ಎಂದು ನಾವಂದುಕೊಳ್ಳುತ್ತೇವೆ, ಶಾಲೆಯಲ್ಲಿ ಕಿವಿ ಹಿಡಿದು ಕಲಿತದ್ದು. ಕೋಚ್ ನನ್ನನ್ನು ನಿಲ್ಲಿಸಿ ನನ್ನ ಹಿಮ್ಮಡಿಯ ಕೆಳಗೆ ಒಂದು ಹಾಳೆ ತೂರಿಸಿದರು. ಸಲೀಸಾಗಿ ಹೋಯಿತು. ಎಂದರೆ ಹಿಮ್ಮಡಿ ಎದ್ದಿದೆ, ಭಾರವೆಲ್ಲ ಮುಂಗಾಲಿನ ಮೇಲಿದೆ. "ಕುರ್ಚಿ ಹಿಂದ ಐತಿ ಅನ್ಕೊಂಡು ಕೂಡ್ರಿ, ಮಂಡಿ ಬೆರಳಿನ ದಿಕ್ಕಿಗೆ ಇರ್ಲಿ" ಎಂದರು. ಎರಡನೇ ಸಲ ಹಾಳೆ ಅಲ್ಲೇ ಸಿಕ್ಕಿಬಿತ್ತು. ಸಿಲಿಂಡರ್ ಎತ್ತುವುದೂ ಇದೇ ಪಾಠ. ತುಂಬಿದ ಮನೆ ಸಿಲಿಂಡರ್ ಸುಮಾರು 30 ಕಿಲೋ. ಬೆನ್ನು ಬಾಗಿಸಿ ದೂರದಿಂದ ಎತ್ತಿದರೆ ಹೊರೆ ನಡುವಿಗೆ, ಹತ್ತಿರ ನಿಂತು ಸೊಂಟ ಹಿಂದಕ್ಕೆ ತಳ್ಳಿ ಎತ್ತಿದರೆ ಕಾಲಿಗೆ.

ಯಾರು ಮೊದಲು ಡಾಕ್ಟರನ್ನು ಕೇಳಬೇಕು

ಹೃದಯದ ತೊಂದರೆ ಇದ್ದವರು, ನಡೆದಾಗ ಎದೆ ಹಿಡಿಯುವವರು, ತಲೆ ಸುತ್ತಿ ಬಿದ್ದವರು, ಬಿ.ಪಿ. ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಇತ್ತೀಚೆಗೆ ಆಪರೇಷನ್ ಆದವರು ಮೊದಲು ಡಾಕ್ಟರನ್ನೇ ಕೇಳಬೇಕು. ಇಂಥ ಪ್ರಶ್ನೆಗಳ ಒಂದು ಫಾರಂ ತುಂಬಿಸದೆ ಕೆಟಲ್‌ಬೆಲ್ ಕೈಗೆ ಕೊಡುವ ಜಾಗ ನನಗೆ ಇಷ್ಟವಾಗುವುದಿಲ್ಲ. ಇನ್ನೊಂದು ಸಂಗತಿ: ಕೆಲವು ಬಿ.ಪಿ. ಮಾತ್ರೆಗಳು ಹೃದಯಬಡಿತವನ್ನೇ ಏರಗೊಡುವುದಿಲ್ಲ. ಅಂಥವರು ವಾಚಿನ ಅಂಕಿ ನಂಬಿದರೆ ಮೋಸ ಹೋಗುತ್ತಾರೆ. ಹಾಗೆ ನೋಡಿದರೆ 220ರಲ್ಲಿ ವಯಸ್ಸು ಕಳೆಯುವ ಲೆಕ್ಕವೂ ಅಂದಾಜೇ. ನನಗೆ ಅದು 176 ಎನ್ನುತ್ತದೆ, ನಿಜವಾದದ್ದು ಹತ್ತು ಹನ್ನೆರಡು ಆ ಕಡೆ ಈ ಕಡೆ ಇರಬಹುದು. ಊಟದ ಪ್ರಶ್ನೆಯೇ ವಾಸಿ.

ಬಟ್ಟೆ, ಬೂಟು ಯಾವುದಾದರೂ ನಡೆಯುತ್ತದೆ, ಅಡಿ ತೀರಾ ಮೆತ್ತಗಿರಬಾರದು ಅಷ್ಟೇ.

ನಮ್ಮ ಬಿಸಿಲು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ್ದು. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರು 40 ಡಿಗ್ರಿ ದಾಟುತ್ತವೆ. ತಗಡಿನ ಶೆಡ್ಡು ಸಂಜೆಯಾದರೂ ಕಾವು ಬಿಡುವುದಿಲ್ಲ. ಸೆಖೆಯಲ್ಲಿ ರಕ್ತ ಎರಡು ಕಡೆ ಹಂಚಿಹೋಗಬೇಕು, ಕೆಲಸಕ್ಕೆ ಮಾಂಸಖಂಡಕ್ಕೆ, ಮೈ ತಣಿಸಲು ಚರ್ಮಕ್ಕೆ. ಅದೇ ಕೆಲಸಕ್ಕೆ ಹೃದಯ ಜಾಸ್ತಿ ಬಡಿಯುತ್ತದೆ. ಮೈ ಇದಕ್ಕೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಬೇಸಿಗೆಯಲ್ಲಿ ಶುರು ಮಾಡುವವರು ಬೆಳಗಿನ ಬ್ಯಾಚ್ ಹಿಡಿಯಿರಿ, ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಬಿಸಿಯಲ್ಲಿ ಚಳಿ ಬಂದಂತಾದರೆ, ಮಾತು ತೊದಲಿದರೆ, ಗೊಂದಲವಾದರೆ ಅದು ಸುಸ್ತಲ್ಲ. ಕೂಡಲೇ ನಿಲ್ಲಿಸಿ ನೆರಳಿಗೆ ಕರೆದೊಯ್ದು, ನೀರು ಸುರಿದು, ಆಸ್ಪತ್ರೆಗೆ ಒಯ್ಯಬೇಕು. ಎದೆಯಲ್ಲಿ ಒತ್ತಿದಂತಾದರೂ ಅಷ್ಟೇ.

ಮುಗಿದ ಮೇಲೆ

12ನೇ ನಿಮಿಷಕ್ಕೆ ನಾನು ಅಂಗಾತ ಬಿದ್ದೆ. "ಏಳ್ರಿ ಸರ್, ಅಡ್ಡಾಡ್ರಿ" ಎಂದರು ಕೋಚ್. ಕಾಲಿನ ಮಾಂಸಖಂಡಗಳು ಕುಗ್ಗುತ್ತ ಹಿಗ್ಗುತ್ತ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಕಸರತ್ತನ್ನು ಒಮ್ಮೆಲೇ ನಿಲ್ಲಿಸಿ ಅಲುಗದೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ಹಾಗಾಗಿ ಎರಡು ಮೂರು ನಿಮಿಷ ನಡೆಯಬೇಕು. ಹೊಟ್ಟೆ ತೊಳಸುವುದಕ್ಕೂ ರಕ್ತವೇ ಕಾರಣ, ಕಸರತ್ತಿನ ಹೊತ್ತಿಗೆ ಅದು ಹೊಟ್ಟೆಯನ್ನು ಬಿಟ್ಟು ಕೈಕಾಲಿಗೆ ಹೋಗಿರುತ್ತದೆ. ಒಮ್ಮೆ ಸಂಜೆ ಬ್ಯಾಚಿಗೆ ಒಂದು ತಾಸು ಮೊದಲು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಹೋಗಿದ್ದೆ. ಮಿಕ್ಕದ್ದು ಹೇಳುವುದಿಲ್ಲ. ಹೊಟ್ಟೆ ತುಂಬ ತಿಂದರೆ ಎರಡು ಮೂರು ತಾಸು ಬಿಡಿ. ಬೆಳಿಗ್ಗೆಯಾದರೆ ಒಂದು ಬಾಳೆಹಣ್ಣು ಸಾಕು.

ಮಿರ್ಚಿ ಅಂದೆನಲ್ಲ, ಕ್ಯಾಲೊರಿ ಲೆಕ್ಕವನ್ನೂ ಹೇಳಿಬಿಡುತ್ತೇನೆ. 70 ಕಿಲೋ ತೂಕದವರು ಈ ಜೋರಿನಲ್ಲಿ 12 ನಿಮಿಷ ಮಾಡಿದರೆ 150 ಕ್ಯಾಲೊರಿ ಆಸುಪಾಸು ಸುಡಬಹುದು. 'ಕ್ಲಾಸ್ ಮುಗಿದ ಮೇಲೂ ದಿನವಿಡೀ ಕೊಬ್ಬು ಕರಗುತ್ತಿರುತ್ತದೆ' ಎನ್ನುವುದರಲ್ಲಿ ಸತ್ಯ ಇದೆ, ಆದರೆ ಆ ಪ್ರಮಾಣ ಚಿಕ್ಕದು. ತೂಕ ಇಳಿಯುವುದು ಹೆಚ್ಚಾಗಿ ತಟ್ಟೆಯಲ್ಲಿ. ಇಲ್ಲಿ ಸಿಗುವುದು ದಮ್ಮು ಮತ್ತು ಬಲ.

ಮರುದಿನ ಬೆಳಿಗ್ಗೆ ಪರವಾಗಿಲ್ಲ ಅನ್ನಿಸಿತು. ಅದರ ಮರುದಿನ ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂತವನು ಏಳಲು ನಲ್ಲಿ ಹಿಡಿದುಕೊಂಡೆ. ಈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಎಂದು ಜಿಮ್‌ಗಳಲ್ಲಿ ಇಂದಿಗೂ ಹೇಳುತ್ತಾರೆ. ತಪ್ಪು. ಅದು ಕಸರತ್ತು ಮುಗಿದ ಒಂದೆರಡು ತಾಸಿನೊಳಗೇ ರಕ್ತದಿಂದ ಖಾಲಿಯಾಗಿರುತ್ತದೆ. ಈ ನೋವು ರೂಢಿಯಿಲ್ಲದ ಕೆಲಸದಿಂದ ಮಾಂಸಖಂಡದ ಎಳೆಗಳಿಗೆ ಆದ ಸಣ್ಣ ಸಣ್ಣ ಪೆಟ್ಟಿನದು. ಎತ್ತುವುದಕ್ಕಿಂತ ಇಳಿಸುವಾಗ, ಅಂದರೆ ಮಾಂಸಖಂಡ ಉದ್ದವಾಗುತ್ತಲೇ ಭಾರ ತಡೆಯುವಾಗ, ಪೆಟ್ಟು ಜಾಸ್ತಿ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗ ತೊಡೆ ಹೆಚ್ಚು ಅಳುವುದು ಅದಕ್ಕೇ. ಒಂದರಿಂದ ಮೂರು ದಿನಕ್ಕೆ ಏರಿ ಇಳಿಯುತ್ತದೆ. ಅದೇ ಕೆಲಸ ಮುಂದಿನ ವಾರ ಮಾಡಿದರೆ ಅರ್ಧವೂ ನೋಯುವುದಿಲ್ಲ, ಮೈ ಒಂದೇ ಸಲಕ್ಕೆ ಕಲಿತಿರುತ್ತದೆ.

ಆದರೆ ನೋವಿನ ಜೊತೆ ಮೂತ್ರ ಕಡು ಚಹಾ ಅಥವಾ ಕೋಲಾ ಬಣ್ಣಕ್ಕೆ ತಿರುಗಿದರೆ, ಕೈಕಾಲು ಬಾತು ಮಡಚಲು ಬಾರದಿದ್ದರೆ, ಮನೆಮದ್ದು ಮಾಡುತ್ತ ಕೂರಬೇಡಿ. ಮಾಂಸಖಂಡ ಅತಿಯಾಗಿ ಒಡೆದು ಅದರೊಳಗಿನ ಪದಾರ್ಥ ರಕ್ತಕ್ಕೆ ಸೇರಿ ಕಿಡ್ನಿಗೆ ಹೊಡೆತ ಕೊಡುವ ಸ್ಥಿತಿ ಅದು. ರ್‍ಯಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಅಪರೂಪ. ಆದರೆ ಆಗುವುದು ಹೆಚ್ಚಾಗಿ ಹೊಸಬರಿಗೆ, ಇಲ್ಲವೇ ವರ್ಷಗಟ್ಟಲೆ ಬಿಟ್ಟು 'ಕಾಲೇಜಿನಲ್ಲಿ ನಾನು ಎಷ್ಟು ಮಾಡುತ್ತಿದ್ದೆ ಗೊತ್ತಾ' ಎಂದು ಒಂದೇ ದಿನ ಅಷ್ಟನ್ನೂ ಮಾಡುವವರಿಗೆ. ಬಿಸಿಲು ಸೇರಿದರೆ ಇನ್ನೂ ಸಲೀಸು. ಆಸ್ಪತ್ರೆಯಲ್ಲಿ ಬೇಗ ಹಿಡಿದರೆ ವಾಸಿಯಾಗುತ್ತದೆ.

ವಾರಕ್ಕೆ ಎಷ್ಟು ದಿನ? ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರಿನ ಶ್ರಮ. ಜೊತೆಗೆ ಎರಡು ದಿನವಾದರೂ ಭಾರದ ಕಸರತ್ತು. ನಾನು ಸೋಮವಾರ, ಗುರುವಾರ ಎರಡೇ ದಿನ ಹೋಗುತ್ತೇನೆ, ಮಿಕ್ಕ ದಿನ ನಡೆಯುತ್ತೇನೆ.

ಹಣ ಕಟ್ಟುವ ಮೊದಲು ಗೋಡೆಗೆ ಒರಗಿ ಒಂದು ಕ್ಲಾಸ್ ಸುಮ್ನೆ ನೋಡಿ. ಒಬ್ಬ ಕೋಚ್‌ಗೆ ಎಷ್ಟು ಜನ? ಹದಿನೈದು ದಾಟಿದರೆ ನಿಮ್ಮ ಹಿಮ್ಮಡಿ ಯಾರೂ ನೋಡುವುದಿಲ್ಲ. ಹೊಸಬರಿಗೆ ಬೇರೆ ಭಾರ ಕೊಡುತ್ತಾರಾ? ಕೋಚ್ ಕಣ್ಣು ಎಲ್ಲಿದೆ? ಇದಕ್ಕೂ ಮೊದಲು ನಾನು ಇನ್ನೊಂದು ಕಡೆ ಹೋಗಿದ್ದೆ. ಒಳ್ಳೆಯ ಎ.ಸಿ., ಹೊಳೆಯುವ ಸಾಮಾನು. ಬಾಗಿದ ಬೆನ್ನಿನಲ್ಲಿ ಬಾರ್‌ಬೆಲ್ ಎತ್ತಲು ಒದ್ದಾಡುತ್ತಿದ್ದ ಒಬ್ಬ ಹುಡುಗನ ಸುತ್ತ ಕೋಚ್ ಮೊಬೈಲ್ ಹಿಡಿದು ತಿರುಗುತ್ತಿದ್ದರು, ರೀಲ್ಸ್‌ಗೆ. "ಇನ್ನೊಂದ್ ಸಲ ಎತ್ತು, ಮುಖ ಬರ್ಲಿಲ್ಲ" ಎಂದರು. ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ.